ಮುರಿಯದ ಸೀಲು

ಹಾರಿಹೋಗಬೇಕಾಗಿದ್ದ ತಗಡು ಹಾರಿರಲಿಲ್ಲ.

ಬೂದಿ ಮೇಡಂ ಏಣಿಯ ತುದಿಯಲ್ಲಿ ನಿಂತು ಒವನ್‌ನ ನೆತ್ತಿಯ ಮೇಲಿನ ಆ ಅಗಲ ತಗಡನ್ನು ಕೈಯಿಂದ ಸವರಿದಳು. ಮಸಿ ಹತ್ತಿದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಕೆಳಗೆ ಮಾತ್ರ ಶೆಡ್ಡಿನ ತುಂಬ ಗಾಜಿನ ಚೂರು, ಸುಟ್ಟ ಬಣ್ಣದ ಹೊಪ್ಪಳಿಕೆ. ಆಳೆತ್ತರದ ಮುಂಬಾಗಿಲು ಕೀಲು ಸಮೇತ ಕಿತ್ತು, ಎದುರು ಗೋಡೆಗೆ ಬಡಿದು, ಕಾಗದದಂತೆ ಮುದುರಿ ಬಿದ್ದಿತ್ತು. ಅದು ಹಾರಿದಾಗ ಬಾಗಿಲಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ.

ಬಣ್ಣ ಬಳಿದ ತಗಡಿನ ಡಬ್ಬಿಗಳನ್ನು ಒಣಗಿಸುವ ಈ ಒವನ್ ಸಿಡಿದು ಆಪರೇಟರ್ ಸತ್ತು ವಾರವಾಗಿತ್ತು. ತಪ್ಪೆಲ್ಲ ಸತ್ತವನದೇ ಎಂದು ಕಾರ್ಖಾನೆಯವರು ಆಗಲೇ ತೀರ್ಮಾನಿಸಿಯಾಗಿತ್ತು.

"ಮೇಡಂ, ಹುಷಾರು! ನೀವು ಬಿದ್ರೆ ಅದೂ ನನ್ನ ತಲೆ ಮೇಲೇ ಬರುತ್ತೆ," ಎಂದು ಮ್ಯಾನೇಜರ್ ಕೆಳಗಿನಿಂದ ಕೂಗಿದ.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಬರಲ್ಲ."

ಕಾರ್ಖಾನೆ ಅಪಘಾತಗಳ ತನಿಖೆ ಆಕೆಯ ಕೆಲಸ. ಎಲ್ಲ ಸುಟ್ಟು ಮುಗಿದ ಮೇಲಷ್ಟೇ ಬರುವವಳೆಂದು ಯಾರೋ ಇಟ್ಟ ಬೂದಿ ಎಂಬ ಹೆಸರು, ಆಕೆ ಹೋಗುವ ಕಡೆಯೆಲ್ಲ ಆಕೆಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಮೊದಮೊದಲು ಬೇಸರವಾಗುತ್ತಿತ್ತು. ಈಗ ಫೋನಿನಲ್ಲಿ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದಳು. ಬೇರೆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ.

"ಈ ತಗಡಿಗೆ ಬೋಲ್ಟ್ ಹಾಕ್ಸಿದ್ಯಾರು?"

ಮ್ಯಾನೇಜರ್ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದ.

"ಕೇಳಿಸ್ತಾ?"

"ಕೇಳಿಸ್ತು." "ನಾನೇ ಹಾಕ್ಸಿದ್ದು. ತಗಡು ಸಡಿಲ ಇತ್ತು ಮೇಡಂ. ಗಡಗಡ ಅಂತಿತ್ತು. ಒಳಗೆ ಶಾಖಾನೇ ನಿಲ್ತಿರ್ಲಿಲ್ಲ."

ಆಕೆ ನಿಧಾನವಾಗಿ ಇಳಿದು ಬಂದಳು. ಮೊಣಕಾಲು ನೋವು ಮುಖದಲ್ಲಿ ಕಾಣದಂತೆ ಒಂದು ಕ್ಷಣ ಏಣಿ ಹಿಡಿದುಕೊಂಡು ನಿಂತಳು.

"ಅದು ಸಡಿಲ ಇರ್ಲಿ ಅಂತಾನೇ ಮಾಡಿರೋದು. ಒಳಗೆ ಏನಾದ್ರೂ ಸಿಡಿದ್ರೆ ಎಲ್ಲಕ್ಕಿಂತ ಮೊದ್ಲು ಆ ತಗಡು ಮೇಲಕ್ಕೆ ಹಾರ್ಬೇಕು. ಬೆಂಕಿ ಆಕಾಶಕ್ಕೆ ಹೋಗ್ಬೇಕು. ನೀವು ಅದರ ದಾರಿ ಮುಚ್ಚಿದ್ರಿ. ಅದು ಬಾಗಿಲು ಹುಡುಕ್ಕೊಂಡು ಬಂತು."

"ಅಂದ್ರೆ ನಾನೇ ಕೊಂದೆ ಅಂತೀರಾ?"

"ಅವನು ಸತ್ತಿದ್ದು ಆ ಬೋಲ್ಟಿಂದ. ಆದ್ರೆ ಒವನ್ ಸಿಡಿದಿದ್ದು ಬೋಲ್ಟಿಂದ ಅಲ್ಲ. ಅದು ಬೇರೆ."

"ಅದನ್ನೇ ಮೇಡಂ ನಾನು ಬಡ್ಕೋತಿರೋದು! ಒಳಗಿನ ಗಾಳಿ ಹೊರಗೆ ಹೋಗೋಕೆ ಬಿಡದೆ ಅವಸರಕ್ಕೆ ಬರ್ನರ್ ಹೊತ್ತಿಸಿದಾನೆ. ಒಬ್ಬಂಟಿ ಮನುಷ್ಯ. ಯಾರ ಹತ್ರಾನೂ ಮಾತಿಲ್ಲ ಕತೆಯಿಲ್ಲ. ಅಂಥೋರ ತಲೇಲಿ ಏನು ಓಡ್ತಿರುತ್ತೋ ಯಾರಿಗೆ ಗೊತ್ತು?"

"ಒಬ್ಬಂಟಿ ಇರೋದು ತಪ್ಪಾ?"

ಕೇಳಿ ಆಕೆ ಹೊರಗೆ ನಡೆದಳು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬೆಳಿಗ್ಗೆ ಬರುವಾಗಲೂ ಅಲ್ಲೇ ಇದ್ದಳು. ಸತ್ತವನ ಅಕ್ಕ. ಬೇರೆ ಊರಿನಿಂದ ಬಂದು, ತಮ್ಮನ ಬಾಡಿಗೆ ಕೋಣೆ ಖಾಲಿ ಮಾಡಲು ಉಳಿದುಕೊಂಡಿದ್ದಳು.

"ಏನಾದ್ರೂ ಸಿಕ್ತಾಮ್ಮಾ?"

"ಇನ್ನೂ ನೋಡ್ತಿದ್ದೀನಿ."

"ಅವಸರ ಮಾಡ್ದ ಅಂತಾರೆ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ತಮ್ಮ ಮತ್ತೆ ಅವಸರ! ಊಟಕ್ಕೆ ಕೂತ್ರೆ ನಾವು ಕೈ ತೊಳ್ದು ಒಂದು ನಿದ್ದೆ ತೆಗ್ದು ಎದ್ರೂ ಇವನದ್ದು ಮುಗಿತಿರ್ಲಿಲ್ಲ. ಅದಕ್ಕೇ ಅವನಿಗೆ ಹೆಣ್ಣೂ ಸಿಗ್ಲಿಲ್ಲ. ನೋಡೋಕೆ ಹೋದ ಮನೇಲಿ ಕಾಫಿ ಕುಡಿದು ಮುಗಿಸೋ ಅಷ್ಟ್ರಲ್ಲಿ ಅವರು ಬೇರೆ ಕಡೆ ಮಾತಾಡ್ಕೊಂಡ್ರು."

ಹೇಳಿ ತಾನೇ ನಕ್ಕಳು. ನಕ್ಕಿದ್ದಕ್ಕೆ ಅಳು ಬಂತು.

"ಕೋಣೇಲಿ ಏನೂ ಇಲ್ಲಮ್ಮಾ. ಒಂದು ತಟ್ಟೆ, ಒಂದು ಲೋಟ. ಎರಡನೇದು ಯಾಕೆ ಇಟ್ಕೊಂಡಿಲ್ವೋ ಮಾರಾಯ, ಯಾರಾದ್ರೂ ಬಂದ್ರೆ ಅಂತ ಫೋನಲ್ಲಿ ಕೇಳಿದ್ರೆ, ಯಾರು ಬರ್ತಾರಕ್ಕಾ ಅಂತಿದ್ದ. ನಾನಾದ್ರೂ ಬರಬಹುದಿತ್ತಲ್ಲ. ಬರ್ಲಿಲ್ಲ."

ಬೂದಿ ಮೇಡಂಗೆ ತನ್ನ ಅಡುಗೆಮನೆಯ ಕಪಾಟು ಕಣ್ಣೆದುರು ಬಂತು. ಅದರಲ್ಲಿ ಮೂರು ಲೋಟಗಳಿದ್ದವು. ಎರಡಕ್ಕೆ ಧೂಳು ಹಿಡಿದಿತ್ತು.

"ಅವನ ಮೇಲೆ ಸುಳ್ಳು ಹೊರಿಸೋಕೆ ನಾನು ಬಿಡಲ್ಲ," ಎಂದಳು. ತನಿಖೆ ಮುಗಿಯುವ ಮೊದಲು ಹಾಗೆ ಮಾತು ಕೊಡುವ ಅಭ್ಯಾಸ ಆಕೆಗಿರಲಿಲ್ಲ. ಕೊಟ್ಟುಬಿಟ್ಟಿದ್ದಳು.

ಮತ್ತೆ ಒಳಗೆ ಬಂದು ಒವನ್‌ನ ಹಿಂಭಾಗಕ್ಕೆ ಹೋದಳು. ಸ್ಫೋಟದ ಹೊಡೆತವೆಲ್ಲ ಮುಂದಕ್ಕೆ ಹೋಗಿದ್ದರಿಂದ ಈ ಕಡೆ ಬಹುಪಾಲು ಹಾಗೇ ಉಳಿದಿತ್ತು.

ಬಣ್ಣ ಒಣಗುವುದೆಂದರೆ ಅದರೊಳಗಿನ ಥಿನ್ನರ್ ಆವಿಯಾಗಿ ಹೋಗುವುದು. ಆ ಆವಿ ಗಾಳಿಯಲ್ಲಿ ತೆಳ್ಳಗಿದ್ದರೆ ಬೆಂಕಿಗೂ ಹೆದರಬೇಕಾಗಿಲ್ಲ. ಒಂದು ಮಟ್ಟ ದಾಟಿತೋ, ಬರ್ನರಿನ ಜ್ವಾಲೆ ಒವನ್ನನ್ನೇ ಬಾಂಬು ಮಾಡುತ್ತದೆ. ಆದ್ದರಿಂದ ಒವನ್‌ಗೆ ಎರಡು ಫ್ಯಾನು. ಒಂದು, ಬಿಸಿಗಾಳಿಯನ್ನು ಒಳಗೊಳಗೇ ಸುತ್ತಿಸುವುದು. ಇನ್ನೊಂದು, ಆವಿಯನ್ನು ಹೊರಗೆ ಎಳೆದು ಹಾಕುವುದು. ಈ ಎರಡನೆಯದು ನಿಂತರೆ ಎಲ್ಲವೂ ನಿಲ್ಲಬೇಕು.

ನಿಲ್ಲಿಸುವುದಕ್ಕೆ ಅಂಗೈಯಗಲದ ಒಂದು ಸ್ವಿಚ್ಚು ಇರುತ್ತದೆ. ಹೊರಗೆಳೆಯುವ ಫ್ಯಾನಿನ ಕೊಳವೆಯಿಂದ ಬೆರಳ ಗಾತ್ರಕ್ಕಿಂತ ಸಣ್ಣ ತಾಮ್ರದ ನಳಿಗೆಯೊಂದು ಅದಕ್ಕೆ ಬಂದು ಸೇರುತ್ತದೆ. ಕೊಳವೆಯಲ್ಲಿ ಗಾಳಿಯ ಎಳೆತ ಇರುವಷ್ಟು ಹೊತ್ತೂ ಸ್ವಿಚ್ಚು ಸುಮ್ಮನಿರುತ್ತದೆ. ಎಳೆತ ಹೋದ ಕೂಡಲೇ ಬರ್ನರಿನ ಗ್ಯಾಸು ಕಡಿಯುತ್ತದೆ.

ಫ್ಯಾನಿನ ಬೆಲ್ಟು ತುಂಡಾಗಿತ್ತು. ಬೆಳಿಗ್ಗೆಯೇ ನೋಡಿದ್ದಳು. ಅವತ್ತು ಮೋಟಾರು ತಿರುಗುತ್ತಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಫ್ಯಾನು ಸರಿಯಿದೆ ಎನ್ನುವ ಹಸಿರು ದೀಪ ಉರಿಯುತ್ತಲೇ ಇತ್ತು. ಸರಿ, ಬೆಲ್ಟು ಎಂದ ಮೇಲೆ ಒಂದಲ್ಲ ಒಂದು ದಿನ ತುಂಡಾಗುತ್ತದೆ. ಆದರೆ ಸ್ವಿಚ್ಚು ಯಾಕೆ ಸುಮ್ಮನಿತ್ತು?

ಆಕೆ ಟಾರ್ಚು ಹಿಡಿದು ತಾಮ್ರದ ನಳಿಗೆಯ ಬೆನ್ನು ಹಿಡಿದು ಹೋದಳು. ಸ್ವಿಚ್ಚಿನಿಂದ ಹೊರಟಿತು, ಬಾಗಿತು, ಎಡಕ್ಕೆ ತಿರುಗಬೇಕಾದ ಕಡೆ ಬಲಕ್ಕೆ ತಿರುಗಿತು. ಹೋಗಿ ಸೇರಿದ್ದು ಒಳಗಾಳಿ ಸುತ್ತಿಸುವ ಫ್ಯಾನಿನ ಗೂಡಿಗೆ.

ಆಕೆ ಟಾರ್ಚನ್ನು ಮತ್ತೆ ಮೊದಲಿನಿಂದ ಹರಿಸಿ ನೋಡಿದಳು.

ಆ ಫ್ಯಾನು ಯಾವಾಗಲೂ ತಿರುಗುತ್ತಿರುತ್ತದೆ. ಅಂದ ಮೇಲೆ ಆ ಸ್ವಿಚ್ಚು ಯಾವಾಗಲೂ 'ಗಾಳಿ ಇದೆ, ಗಾಳಿ ಇದೆ' ಎನ್ನುತ್ತಲೇ ಇರುತ್ತದೆ. ಆಪರೇಟರ್ ಕಾಯಬೇಕಾದಷ್ಟು ಕಾದಿರಬಹುದು, ಅದಕ್ಕಿಂತ ಹೆಚ್ಚೂ ಕಾದಿರಬಹುದು. ಯಂತ್ರವೇ ಅವನಿಗೆ ಸುಳ್ಳು ಹೇಳಿತ್ತು.

ಸರಿಯಾದ ಕೊಳವೆಯಲ್ಲಿ ನಳಿಗೆ ಕೂರಬೇಕಾದ ತೂತು ಈಗಲೂ ಇತ್ತು. ಅದಕ್ಕೊಂದು ಸಣ್ಣ ಬೋಲ್ಟು ತುರುಕಿ ಮುಚ್ಚಿದ್ದರು. ಬೋಲ್ಟಿನ ತಲೆಯ ಮೇಲೆ ಮಸಿಯ ಕೆಳಗೆ ಬಣ್ಣದ ದಪ್ಪ ಧೂಳು, ಅಕ್ಕಪಕ್ಕದ ತಗಡಿನ ಮೇಲಿದ್ದಷ್ಟೇ ದಪ್ಪ. ನಿನ್ನೆ ಮೊನ್ನೆಯ ಕೆಲಸವಲ್ಲ. ಬೆಲ್ಟು ತುಂಡಾಗುವ ದಿನಕ್ಕಾಗಿ ಸಾವು ಇಲ್ಲಿ ಬಹುಕಾಲದಿಂದ ಕಾದು ಕೂತಿತ್ತು.

"ಫಿಟ್ಟರ್!"

ಶೆಡ್ಡಿನ ಬಾಗಿಲ ಬಳಿ ನಿಂತಿದ್ದ ಕಾರ್ಖಾನೆಯ ಫಿಟ್ಟರ್ ಓಡಿ ಬಂದ. ತೋರಿಸಿದ ಕಡೆ ನೋಡಿ ಎರಡೂ ಕೈ ಆಡಿಸಿದ.

"ನಮ್ಮದಲ್ಲ ಮೇಡಂ. ಆ ನಟ್ಟಿಗೆ ಸೀಲ್ ಇದೆ ನೋಡಿ. ಸೀಲ್ ಇರೋದನ್ನ ಮುಟ್ಟಿದ್ರೆ ಮನೇಗೆ ಕಳಿಸ್ತಾರೆ. ಒವನ್ ಮಾಡಿದೋರೇ ಬಂದು ಬಿಚ್ಚಿ, ಅವರೇ ಕಟ್ಟಬೇಕು."

ಹೌದು. ನಟ್ಟಿನ ತೂತಿನಲ್ಲಿ ಪೋಣಿಸಿದ ಸಣ್ಣ ತಂತಿ, ಅದರ ತುದಿಗೆ ಸೀಸದ ಗುಂಡಿ. ತಂತಿ ತುಂಡಾಗಿರಲಿಲ್ಲ. ತಪ್ಪು ಜಾಗದಲ್ಲಿ ನಳಿಗೆ ಕೂರಿಸಿ, ಅದನ್ನು ಯಾರೂ ಮುಟ್ಟದಂತೆ ಶಿಸ್ತಾಗಿ ಸೀಲು ಒತ್ತಿ ಹೋಗಿದ್ದರು.

ಮಸಿಯೊಳಗಿನಿಂದ ಒಂದು ತ್ರಿಕೋನದ ಗುರುತು ಕಾಣುತ್ತಿತ್ತು.

ಆ ತ್ರಿಕೋನವನ್ನು ಮೂವತ್ತು ವರ್ಷದ ಹಿಂದೆ ಊಟದ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಬರೆದವಳು ಆಕೆಯೇ.

ಬೂದಿ ಮೇಡಂ ಫೋನು ತೆಗೆದಳು. ಮೊದಲು ಮೇಲಧಿಕಾರಿಗೆ. "ಈ ಕೇಸು ನನ್ನ ಕೈಲಿರಬಾರದು ಸಾರ್. ಒವನ್ ಮಾಡಿದೋರು ನಾನು ಬಿಟ್ಟು ಬಂದ ಗಂಡ. ನಾಳೆಯಿಂದ ಬೇರೆಯವರನ್ನ ಕಳಿಸಿ." ನಂತರ ಇನ್ನೊಂದು ನಂಬರಿಗೆ. ಅದು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಲ್ಲ. ಬೆರಳಿಗೇ ನೆನಪಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆತ ಬಂದ.

ಒವನ್ ಇಂಜಿನಿಯರ್. ಈ ಕಸುಬಿನವರೆಲ್ಲ ಗೌರವದಿಂದ ನೋಡುವ ಮನುಷ್ಯ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶರ್ಟಿನ ಕಾಲರು ಇಸ್ತ್ರಿ ಮಾಡಿಕೊಡುವವರಿಲ್ಲದವರ ಕಾಲರು. ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ.

"ಬೂದಿ ಮೇಡಂ ಅಂತಾರಂತೆ ನಿನ್ನ," ಎಂದ.

"ನಿಮಗೆ ಮೊದ್ಲೇ ಗೊತ್ತಿರ್ಬೇಕು."

"ಗೊತ್ತಿತ್ತು. ನಿನ್ನ ಬಾಯಲ್ಲಿ ಕೇಳೋಣ ಅಂತ."

ಮ್ಯಾನೇಜರ್ ದೂರದಲ್ಲಿ ನಿಂತು ಕಿವಿ ಇತ್ತ ಇಟ್ಟಿದ್ದ. ಆಕೆ ಮಾತು ಬೆಳೆಸದೆ ಆತನನ್ನು ಒವನ್‌ನ ಹಿಂದಕ್ಕೆ ಕರೆದುಕೊಂಡು ಹೋಗಿ ಟಾರ್ಚಿನ ಬೆಳಕನ್ನು ನಳಿಗೆಯ ಉದ್ದಕ್ಕೂ ಹರಿಸಿದಳು.

ಆತ ನೋಡಿದ. ಬಹಳ ಹೊತ್ತು ನೋಡಿದ.

"ಇದು ನನ್ನ ಡಿಸೈನ್ ಅಲ್ಲ."

"ಅಲ್ಲ ಅಂತ ನನಗೂ ಗೊತ್ತು. ನಿಮ್ಮ ಮೊದಲನೇ ಒವನ್ನಿಗೆ ಈ ನಳಿಗೆ ಬಗ್ಗಿಸಿ ಕೂರಿಸಿದ್ದು ನಾನು. ಬೆರಳು ಸುಟ್ಕೊಂಡಿದ್ದೆ. ಆದ್ರೆ ಸೀಲು ನಿಮ್ಮದು."

"ಸೀಲು ನಮ್ಮದು," ಎಂದು ಆತ ತಿದ್ದಿದ.

"ಈಗ ನಮ್ಮದು ಅನ್ನೋದು ಏನೂ ಇಲ್ವಲ್ಲ."

ಶೆಡ್ಡಿನ ಒಡೆದ ಕಿಟಕಿಯಿಂದ ಗಾಳಿ ಬಂದು ಸುಟ್ಟ ಬಣ್ಣದ ಪದರುಗಳನ್ನು ಸರಸರ ಎಂದು ನೆಲದ ಮೇಲೆ ಎಳೆಯಿತು.

"ಒಬ್ಬ ಮನುಷ್ಯ ಸತ್ತಿದಾನೆ. ಅವನ ಅಕ್ಕ ಹೊರಗೆ ಕೂತಿದಾಳೆ. ನೀವೇ ಇದನ್ನ ತಿರುಗಿಸಿದ್ರಾ, ಇಲ್ವಾ? ಅಷ್ಟು ಹೇಳಿ."

"ತ್ರಿಕೋನದ ಕೆಳಗೆ ನೋಡಿದ್ಯಾ?"

"ಮಸಿ ಇದೆ."

"ನಾನು ಮುಟ್ಟಲ್ಲ. ನಾಳೆ ನಾನೇ ಅಳಿಸಿದೆ ಅಂತ ಆಗೋದು ಬೇಡ. ನೀನೇ ಒರೆಸಿ ನೋಡು."

ಆಕೆ ಫೋಟೋ ತೆಗೆದುಕೊಂಡಳು. ಹತ್ತಿಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸೀಸದ ಗುಂಡಿಯನ್ನು ಮೆಲ್ಲಗೆ ಒರೆಸಿದಳು. ಮಸಿ ಕರಗಿತು. ತ್ರಿಕೋನ ಸ್ಪಷ್ಟವಾಯಿತು. ಅದರ ಕೆಳಗೆ ಏನಿರುತ್ತದೆಂದು ಆಕೆಗೆ ಗೊತ್ತಿತ್ತು: ಒಂದು ಚುಕ್ಕೆ. ಅವರು ಸೀಲು ಒತ್ತುವ ಇಕ್ಕಳ ಮಾಡಿಸಿದ್ದು ಎರಡು. ಚುಕ್ಕೆಯದು ಆತನದು. ಗೆರೆಯದು ಆಕೆಯದು.

ತ್ರಿಕೋನದ ಕೆಳಗೆ ಇದ್ದದ್ದು ಗೆರೆ.

ಆಕೆ ಇನ್ನೊಮ್ಮೆ ಒರೆಸಿದಳು.

"ನಿನ್ನ ಇಕ್ಕಳ," ಎಂದ ಆತ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

"ನಾನು ಅದನ್ನ ಮನೇಲೇ ಬಿಟ್ಟು ಬಂದೆ. ವರ್ಕ್‌ಶಾಪಿನ ಮೊಳೆಗೆ ನೇತು ಹಾಕಿದ್ದೆ. ಎಲ್ಲಾನೂ ಬಿಟ್ಟು ಬಂದೆ."

"ಎಲ್ಲಾನೂ," ಎಂದು ಆತ ತಲೆಯಾಡಿಸಿದ. "ಅಲ್ಲೇ ಇತ್ತು. ಎಷ್ಟೋ ವರ್ಷ ಅಲ್ಲೇ ನೇತಾಡ್ತಾ ಇತ್ತು. ಆಮೇಲೆ ನನಗೆ ಇದು ಶುರುವಾಯ್ತು." ಜೇಬಿನಿಂದ ಬಲಗೈ ಹೊರತೆಗೆದ. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. "ಇಕ್ಕಳ ಹಿಡಿಯೋಕಾಗಲ್ಲ. ಸರ್ವಿಸಿಗೆ ಹೋಗೋಕಾಗಲ್ಲ."

"ಯಾರು ಹೋಗ್ತಾರೆ ಈಗ?"

ಆತ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಹೇಳಬೇಕಾಗಿಯೂ ಇರಲಿಲ್ಲ.

ಮಗಳು.

ಗಂಡನ ಮನೆ ಬಿಟ್ಟು ಆಕೆ ಹೊರಟ ದಿನ ಮಗಳು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೋಂವರ್ಕ್ ಬರೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಆಮೇಲೆ ಹಬ್ಬ ಹುಣ್ಣಿಮೆಗೂ ಫೋನಿಲ್ಲ. ಕಾಲೇಜು ಮುಗಿಸಿದ್ದು, ಅಪ್ಪನ ಜೊತೆ ಕೆಲಸಕ್ಕೆ ಸೇರಿದ್ದು, ಎಲ್ಲವನ್ನೂ ಬೂದಿ ಮೇಡಂ ಬೇರೆಯವರ ಬಾಯಿಂದ ಕೇಳಿದ್ದು.

"ಅವಳಿಗೆ ಫೋನ್ ಮಾಡಿ."

"ನಾನು ಮಾಡಲ್ಲ."

"ಯಾಕೆ?"

ಆತ ಒವನ್‌ನ ಕಪ್ಪು ಗೋಡೆಯನ್ನು ನೋಡುತ್ತ ನಿಂತ. "ನೀನೇ ಮಾಡು. ತನಿಖೆ ನಿಂದು."

ನಂಬರು ಕೊಟ್ಟ. ಆಕೆ ಒತ್ತಿದಳು. ಗಂಟೆ ಹೋಯಿತು, ಹೋಯಿತು. ಎತ್ತಲಾರಳು ಎನ್ನುವಷ್ಟರಲ್ಲಿ ಎತ್ತಿದಳು. ಹಿಂದೆ ಯಂತ್ರಗಳ ಗುಂಯ್ ಎನ್ನುವ ಸದ್ದು.

"ಹಲೋ, ಯಾರು?"

ಆ ದನಿ ದೊಡ್ಡದಾಗಿತ್ತು. ಆಕೆಯ ನೆನಪಿನಲ್ಲಿದ್ದ ದನಿಗಿಂತ ಎಷ್ಟೋ ದೊಡ್ಡದು.

"ನಾನು ಅಮ್ಮ."

"ಹೇಳಿ," ಎಂದಳು ಮಗಳು. ಅಂಗಡಿಯವರಿಗೆ ಹೇಳುವ ಹಾಗೆ.

"ಡಬ್ಬಿ ಕಾರ್ಖಾನೆಯ ಒವನ್. ಗಾಳಿ ಸ್ವಿಚ್ಚಿನ ನಳಿಗೆಯನ್ನ ಒಳಗಿನ ಫ್ಯಾನಿಗೆ ಹಾಕಿ ಸೀಲ್ ಒತ್ತಿದ್ದಾರೆ. ಆ ಸೀಲು ನೀನು ಒತ್ತಿದ್ದಾ?"

"ಹೌದು."

ಅಷ್ಟು ಸುಲಭವಾಗಿ ಬಂದ ಉತ್ತರಕ್ಕೆ ಆಕೆ ಸಿದ್ಧವಾಗಿರಲಿಲ್ಲ. "ಯಾಕೆ?"

"ಯಾಕೆ ಅಂದ್ರೆ? ಹೊರಗಡೆ ಗಾಳಿ ಜೋರಾದಾಗ್ಲೆಲ್ಲ ಸ್ವಿಚ್ಚು ಸುಮ್‌ಸುಮ್ಮನೆ ಒವನ್ ನಿಲ್ಲಿಸ್ತಿತ್ತು. ಎಲ್ಲಾ ಕಡೆಯಿಂದ ಕಂಪ್ಲೇಂಟು. ಅಪ್ಪನ್ನ ಕೇಳ್ದೆ. ಒಳಗಿನ ಫ್ಯಾನಿಗೆ ಹಾಕು, ಏನೂ ಆಗಲ್ಲ ಅಂದ್ರು. ಹಾಕ್ದೆ." ಮಗಳ ದನಿ ಗಟ್ಟಿಯಾಯಿತು. "ಆ ಆಪರೇಟರ್ ಕಾಯದೆ ಹೊತ್ತಿಸಿದ ಅಂತಲ್ವಾ ಹೇಳಿದ್ದು? ಅಪ್ಪ ಹಾಗೇ ಹೇಳಿದ್ರು."

ಬೂದಿ ಮೇಡಂ ಎದುರಿಗಿದ್ದವನನ್ನು ನೋಡಿದಳು. ಆತನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಸಣ್ಣ ನಳಿಗೆ ಅರ್ಧ ಬೆರಳು ಆಚೀಚೆಯಾದರೂ ಇಡೀ ಒವನ್ ಬಿಚ್ಚಿಸುತ್ತಿದ್ದ ಮನುಷ್ಯ. ಯಾವಾಗ ಹೀಗಾದ? ನೋಡುವವರು ಯಾರೂ ಹತ್ತಿರ ಇರಲಿಲ್ಲ.

"ಎಲ್ಲಾ ಕಡೆಯಿಂದ ಅಂದ್ಯಲ್ಲ. ಬೇರೆ ಒವನ್‌ಗಳಿಗೂ ಹೀಗೇ ಮಾಡಿದ್ದೀಯಾ?"

"ಕೆಲವಕ್ಕೆ ನಾನು. ಕೆಲವು ಅಪ್ಪ ಮೊದ್ಲೇ ಮಾಡಿಟ್ಟಿದ್ರು." ಸದ್ದಿನ ನಡುವೆ ಮಗಳು ಯಾರಿಗೋ 'ಬಂದೆ' ಎಂದು ಕೂಗಿದಳು. "ನೋಡಿ, ನಾನು ಸರ್ವಿಸಲ್ಲಿದ್ದೀನಿ. ಇಲ್ಲೊಂದು ಒವನ್ ಈಗ್ತಾನೆ ಹೊತ್ತಿಸಿ ಮಾಲು ಒಳಗೆ ಹಾಕಿದಾರೆ. ಆಮೇಲೆ ಮಾತಾಡ್ತೀನಿ."

"ನಿಲ್ಸು! ಕೆಂಪು ಬಟನ್ ಒತ್ತು, ಬಾಗಿಲ ಮುಂದೆ ನಿಲ್ಬೇಡ, ಪಕ್ಕಕ್ಕೆ ಬಾ!"

"ನೀವು ಹೇಳಿದ್ದಕ್ಕಾ?"

"ಕಂದಾ, ದಮ್ಮಯ್ಯ ಅಂತೀನಿ..."

"ಇಷ್ಟು ವರ್ಷ ಇಲ್ಲದೋರು ಇವತ್ತು ಫೋನ್ ಮಾಡಿ ನಿಲ್ಸು ಅಂದ್ರೆ ನಿಲ್ಲಿಸ್ಬೇಕಾ? ಇದು ಅಪ್ಪನ ಒವನ್. ಅಪ್ಪ ಅಲ್ಲೇ ಇದ್ರೆ ಕೊಡಿ. ಅವರು ಹೇಳ್ಲಿ."

ಆಕೆ ಫೋನನ್ನು ಆತನ ಮುಖದ ಮುಂದೆ ಹಿಡಿದಳು. "ಹೇಳಿ! ನಿಲ್ಸು ಅನ್ನಿ. ಒಂದು ಮಾತು!"

ಮ್ಯಾನೇಜರ್ ಈಗ ಹತ್ತಿರಕ್ಕೇ ಬಂದು ನಿಂತಿದ್ದ. ಇಂಜಿನಿಯರ್ ಆತನನ್ನು ನೋಡಿದ, ಸೀಲನ್ನು ನೋಡಿದ. ತುಟಿ ಅಲುಗಿತು.

"ಯಾವ ಕಾರ್ಖಾನೇಲಿದಾಳೆ, ಕೇಳು ಮೊದ್ಲು."

ಏನೂ ಗೊತ್ತಿಲ್ಲದವನು ಆ ಮಾತು ಕೇಳುವುದಿಲ್ಲ. ಯಾವ ಒವನ್ ಸುರಕ್ಷಿತ, ಯಾವುದು ಅಲ್ಲ ಎಂದು ಈ ಮನುಷ್ಯ ತಲೆಯೊಳಗೆ ಲೆಕ್ಕ ಇಟ್ಟುಕೊಂಡಿದ್ದಾನೆ.

"ಎಲ್ಲಿದ್ದೀಯ? ಯಾವ ಕಾರ್ಖಾನೆ?" ಎಂದು ಫೋನಿಗೆ ಕಿರುಚಿದಳು.

"ಮುಚ್ಚಳದ ಕಾರ್ಖಾನೆ. ಯಾಕೆ?"

"ಅದೂ ನಾನೇ ತಿರುಗಿಸಿದ್ದು," ಎನ್ನುತ್ತ ಆತ ಎರಡೂ ಕೈಯಿಂದ ಫೋನನ್ನು ಕಿತ್ತುಕೊಂಡ. ನಡುಗುವ ಕೈಯಲ್ಲಿ ಅದು ನಿಲ್ಲಲಿಲ್ಲ, ಕೆಳಗೆ ಬಿತ್ತು. ಮಸಿಯ ಮೇಲೆ ಮಂಡಿಯೂರಿ, ಫೋನಿಗೆ ಬಾಯಿ ಹಚ್ಚಿ, "ಮಗಳೇ, ಪಕ್ಕಕ್ಕೆ ಬಾ, ಬಾಗಿಲ ಹತ್ರ ನಿಲ್ಬೇಡ, ಅಪ್ಪ ಹೇಳ್ತಿದ್ದೀನಿ, ಬಾರಮ್ಮಾ!" ಎಂದು ಕೂಗಿದ.

ಆ ಕಡೆಯಿಂದ ಉತ್ತರ ಬರಲಿಲ್ಲ.

ಲೈನು ಮಾತ್ರ ಕಡಿದಿರಲಿಲ್ಲ.